‘ಆನ್ ಬ್ಯಾಕ್‌ಗ್ರೌಂಡ್’: ವಾಷಿಂಗ್ಟನ್ನಿನ ಹೆಸರಿಲ್ಲದ ಹಿರಿಯ ಅಧಿಕಾರಿ

ಅಮೆರಿಕದ ವಿದೇಶಾಂಗ ನೀತಿಯ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೆಚ್ಚಾಗಿ ಸುದ್ದಿಸಂಸ್ಥೆಗಳ ಮೂಲಕ ಬರುತ್ತದೆ. ಅದರಲ್ಲಿ ‘ಹೆಸರು ಹೇಳಲಿಚ್ಛಿಸದ ಹಿರಿಯ ಅಧಿಕಾರಿಯೊಬ್ಬರು ತಿಳಿಸಿದ್ದಾರೆ’ ಎಂಬ ಸಾಲನ್ನು ಓದದವರಿಲ್ಲ. ಆ ಸಾಲಿನ ಹಿಂದೆ ಒಂದು ಕರಾರು ಇರುತ್ತದೆ. ಅದಕ್ಕೆ ವಾಷಿಂಗ್ಟನ್ನಿನ ವರದಿಗಾರರು ‘ಆನ್ ಬ್ಯಾಕ್‌ಗ್ರೌಂಡ್’ ಎನ್ನುತ್ತಾರೆ. ಅಧಿಕಾರಿ ಹೇಳಿದ್ದನ್ನು ಬರೆಯಬಹುದು, ಹೆಸರು ಬರೆಯಕೂಡದು. ಹೆಸರಿನ ಜಾಗದಲ್ಲಿ ಯಾವ ವರ್ಣನೆ ಬರಬೇಕೆಂದು ಇಬ್ಬರೂ ಮಾತಾಡಿಕೊಂಡು ಗೊತ್ತುಮಾಡುತ್ತಾರೆ.

ಇದು ಕಾನೂನಲ್ಲ, ರೂಢಿ. ‘ಆನ್ ದ ರೆಕಾರ್ಡ್’ ಎಂದರೆ ಮಾತೂ ಹೆಸರೂ ಎರಡನ್ನೂ ಬಳಸಬಹುದು. ‘ಡೀಪ್ ಬ್ಯಾಕ್‌ಗ್ರೌಂಡ್’ ಆದರೆ ಮಾಹಿತಿಯನ್ನು ಬಳಸಬಹುದು, ಯಾರು ಹೇಳಿದರು ಎಂಬ ಸುಳಿವನ್ನೇ ಕೊಡುವಂತಿಲ್ಲ. ‘ಆಫ್ ದ ರೆಕಾರ್ಡ್’ ಆದದ್ದು ಅಚ್ಚಾಗುವುದಿಲ್ಲ. ಕರಾರು ಮಾತಿಗೆ ಮೊದಲೇ ಆಗಬೇಕು. ಎಲ್ಲ ಹೇಳಿ ಮುಗಿಸಿ ‘ಇದು ಬ್ಯಾಕ್‌ಗ್ರೌಂಡ್’ ಎಂದರೆ ವರದಿಗಾರ ಒಪ್ಪಲೇಬೇಕೆಂದಿಲ್ಲ. ಆದರೂ ನಾಳೆ ಅದೇ ಕಚೇರಿಗೆ ಫೋನ್ ಮಾಡಬೇಕಾದವರು ಹೆಚ್ಚಾಗಿ ಒಪ್ಪಿಬಿಡುತ್ತಾರೆ.

ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ತನ್ನ ವರದಿಗಾರರಿಗೆ ಮೂರು ಷರತ್ತು ಹಾಕಿದೆ. ಹೆಸರಿಲ್ಲದೆ ಕೊಡುವುದು ಮಾಹಿತಿಯಾಗಿರಬೇಕು, ಅಭಿಪ್ರಾಯವೋ ಊಹೆಯೋ ಆಗಿರಬಾರದು. ಅದು ಬೇರೆ ದಾರಿಯಲ್ಲಿ ಸಿಗದಂಥದ್ದಾಗಿರಬೇಕು. ಹೇಳಿದವರಿಗೆ ವಿಷಯ ನೇರವಾಗಿ ಗೊತ್ತಿರಬೇಕು. ಮೂರೂ ಒಳ್ಳೆಯ ಷರತ್ತುಗಳೇ. ನಿಜ ಹೇಳಿ ಕೆಲಸ ಕಳೆದುಕೊಳ್ಳಬಹುದಾದ ಕೆಳಹಂತದ ನೌಕರನಿಗೆ ಹೆಸರು ಮುಚ್ಚಿಡುವ ಈ ರಕ್ಷಣೆ ಬೇಕೇ ಬೇಕು. ಆದರೆ ಅದನ್ನು ಧಾರಾಳವಾಗಿ ಬಳಸಿಕೊಂಡವರು ಮೇಲಿನವರು. ಶ್ವೇತಭವನವೇ ಹತ್ತಾರು ವರದಿಗಾರರನ್ನು ಒಂದೇ ಫೋನ್ ಕರೆಗೆ ಕೂಡಿಸಿ ‘ಹಿರಿಯ ಅಧಿಕಾರಿಗಳ ಬ್ಯಾಕ್‌ಗ್ರೌಂಡ್ ಕರೆ’ ನಡೆಸುತ್ತದೆ, ಎಷ್ಟೋ ಸಲ ಅದರ ಪಠ್ಯವನ್ನು ತನ್ನ ಜಾಲತಾಣದಲ್ಲೇ ಹಾಕಿದ್ದೂ ಇದೆ. ಮಾತಾಡಿದವರು ಯಾರೆಂಬುದು ಕರೆಯಲ್ಲಿದ್ದ ವರದಿಗಾರರಿಗೆಲ್ಲ ಗೊತ್ತು. ಗೊತ್ತಿಲ್ಲದವನು ಓದುಗ ಒಬ್ಬನೇ.

ಭಾರತಕ್ಕೆ ಇದರ ಬಿಸಿ ತಟ್ಟಿದ್ದು 1971ರಲ್ಲಿ. ಬಾಂಗ್ಲಾ ಯುದ್ಧ ನಡೆಯುತ್ತಿದ್ದಾಗ, ಡಿಸೆಂಬರ್ 7ರಂದು ಅಧ್ಯಕ್ಷ ನಿಕ್ಸನ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ವರದಿಗಾರರನ್ನು ಕರೆದು, ತಮ್ಮ ಸರ್ಕಾರ ಭಾರತದ ವಿರೋಧಿಯಲ್ಲ ಎಂದು ಬ್ಯಾಕ್‌ಗ್ರೌಂಡ್‌ನಲ್ಲಿ ಹೇಳಿದರು. ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಆ ಪಠ್ಯವನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕಡತಕ್ಕೆ ಸೇರಿಸಿದ್ದರಿಂದ ಹೆಸರು ಬಯಲಾಯಿತು. ವರದಿಗಾರರಿಗೆ ಹಾಗೆ ಹೇಳುವುದಕ್ಕೆ ನಾಲ್ಕು ದಿನ ಮೊದಲು, ಒಳಗಿನ ಸಭೆಯಲ್ಲಿ ಇದೇ ಕಿಸಿಂಜರ್, ಪಾಕಿಸ್ತಾನದ ಕಡೆ ವಾಲಬೇಕೆಂಬುದು ಅಧ್ಯಕ್ಷರ ಇಚ್ಛೆ ಎಂದು ಹೇಳಿದ್ದರು. ಆ ಸಭೆಯ ಟಿಪ್ಪಣಿಗಳನ್ನು ಅಂಕಣಕಾರ ಜ್ಯಾಕ್ ಆಂಡರ್ಸನ್ ಹೊರಗೆ ತಂದರು. ಅದಕ್ಕಾಗಿ 1972ರ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಅವರದಾಯಿತು. ಸೋರಿಕೆ ಆಗದೇ ಹೋಗಿದ್ದರೆ, ‘ಹಿರಿಯ ಅಧಿಕಾರಿ’ಯ ಮಾತೇ ಆ ಹೊತ್ತಿನ ಸತ್ಯವಾಗಿ ಉಳಿಯುತ್ತಿತ್ತು.

ಇರಾಕ್ ಯುದ್ಧಕ್ಕೆ ಮುಂಚೆ ನಡೆದದ್ದು ಇದಕ್ಕಿಂತ ಗಂಭೀರ. 2002ರ ಸೆಪ್ಟೆಂಬರ್ 8, ಭಾನುವಾರ. ಸದ್ದಾಂ ಹುಸೇನ್ ಅಣುಬಾಂಬಿಗೆ ಬೇಕಾದ ಅಲ್ಯೂಮಿನಿಯಂ ಕೊಳವೆಗಳನ್ನು ತರಿಸಿಕೊಳ್ಳಲು ಯತ್ನಿಸಿದ್ದಾರೆಂದು ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಬರೆಯಿತು. ಆಧಾರ: ಹೆಸರಿಲ್ಲದ ಸರ್ಕಾರಿ ಅಧಿಕಾರಿಗಳು. ಅದೇ ಬೆಳಿಗ್ಗೆ ಉಪಾಧ್ಯಕ್ಷ ಡಿಕ್ ಚೇನಿ ಎನ್‌ಬಿಸಿ ವಾಹಿನಿಯಲ್ಲಿ ಕೂತು, ಇವತ್ತಿನ ಟೈಮ್ಸ್‌ನಲ್ಲೇ ಬಂದಿದೆಯಲ್ಲ ಎಂದು ಆ ವರದಿಯತ್ತ ಬೊಟ್ಟುಮಾಡಿದರು. ಸರ್ಕಾರ ಪತ್ರಿಕೆಗೆ ಕೊಟ್ಟ ಮಾತು, ಪತ್ರಿಕೆಯ ಸ್ವತಂತ್ರ ಶೋಧನೆಯ ವೇಷದಲ್ಲಿ ಸರ್ಕಾರಕ್ಕೇ ಸಾಕ್ಷಿಯಾಗಿ ಮರಳಿತು. ಹೆಸರು ಅಚ್ಚಾಗಿದ್ದರೆ ಈ ಸುತ್ತು ಸಾಧ್ಯವೇ ಇರಲಿಲ್ಲ.

ಕೊಳವೆಗಳ ವ್ಯಾಸ 81 ಮಿ.ಮೀ., ಉದ್ದ 900 ಮಿ.ಮೀ., ಗೋಡೆಯ ದಪ್ಪ 3.3 ಮಿ.ಮೀ. ಇರಾಕಿನ ಬಳಿ ಮೊದಲೇ ಇದ್ದ 81 ಮಿ.ಮೀ. ರಾಕೆಟ್ಟಿಗೆ ಹೊಂದುವ ಅಳತೆ ಅದು. ಯುರೇನಿಯಂ ಸೆಂಟ್ರಿಫ್ಯೂಜ್‌ಗೆ, ಅಂದರೆ ಬಾಂಬಿಗಾಗಿ ಯುರೇನಿಯಂ ಸಾಂದ್ರಗೊಳಿಸುವ ವೇಗದ ತಿರುಗುಯಂತ್ರಕ್ಕೆ, ಈ ಗೋಡೆ ಅತಿ ದಪ್ಪ. ಅಮೆರಿಕದ ಇಂಧನ ಇಲಾಖೆಯ ಸೆಂಟ್ರಿಫ್ಯೂಜ್ ತಜ್ಞರೇ ಇದನ್ನು ಹೇಳಿದ್ದರು. ಅಕ್ಟೋಬರಿನ ರಹಸ್ಯ ಗುಪ್ತಚರ ವರದಿಯಲ್ಲಿ ಇಂಧನ ಇಲಾಖೆಯೂ ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗವೂ ತಮ್ಮ ಭಿನ್ನಮತ ದಾಖಲಿಸಿದವು. ಸಾರ್ವಜನಿಕರಿಗೆ ಕೊಟ್ಟ ಪ್ರತಿಯಲ್ಲಿ ಆ ಭಿನ್ನಮತ ‘ಕೆಲವರು ಹೀಗೆ ನಂಬುತ್ತಾರೆ’ ಎಂಬಷ್ಟಕ್ಕೆ ಇಳಿಯಿತು, ಇಲಾಖೆಗಳ ಹೆಸರು ಮಾಯವಾಯಿತು. ಅದಾಗಿ ವಾರದೊಳಗೆ ಯುದ್ಧಾಧಿಕಾರದ ನಿರ್ಣಯ ಕೆಳಮನೆಯಲ್ಲಿ 296–133, ಸೆನೆಟ್ಟಿನಲ್ಲಿ 77–23 ಮತಗಳಿಂದ ಪಾಸಾಯಿತು. ಟೈಮ್ಸ್ ಸಂಪಾದಕರು ತಮ್ಮ ಇರಾಕ್ ವರದಿಗಾರಿಕೆ ಸಾಕಷ್ಟು ಕಟ್ಟುನಿಟ್ಟಾಗಿರಲಿಲ್ಲವೆಂದು ಒಪ್ಪಿಕೊಂಡದ್ದು 2004ರ ಮೇ 26ರಂದು, ಯುದ್ಧ ಶುರುವಾಗಿ ವರ್ಷದ ಮೇಲಾದಾಗ.

ವರ್ಣನೆಯೂ ಚೌಕಾಸಿಯ ವಸ್ತುವೇ. ಚೇನಿಯ ಸಿಬ್ಬಂದಿ ಮುಖ್ಯಸ್ಥ ಲೂಯಿಸ್ ಲಿಬ್ಬಿ 2003ರ ಜುಲೈನಲ್ಲಿ ತಮ್ಮನ್ನು ‘ಕ್ಯಾಪಿಟಲ್ ಹಿಲ್‌ನ (ಎಂದರೆ ಸಂಸತ್ತಿನ) ಮಾಜಿ ಸಿಬ್ಬಂದಿ’ ಎಂದು ಬರೆಯಬೇಕೆಂದು ಕೇಳಿದರು. ಟೈಮ್ಸ್‌ನ ಜುಡಿತ್ ಮಿಲ್ಲರ್ ಅದಕ್ಕೆ ಒಪ್ಪಿದ್ದನ್ನು ಮುಂದೆ ತಾವೇ ಬರೆದಿದ್ದಾರೆ. ಲಿಬ್ಬಿ ಹಿಂದೊಮ್ಮೆ ಅಲ್ಲಿ ಕೆಲಸ ಮಾಡಿದ್ದು ನಿಜ. ಆದರೆ ಓದುಗ ಅದರಿಂದ ಉಪಾಧ್ಯಕ್ಷರ ಕಚೇರಿಯನ್ನು ಊಹಿಸುವುದು ಸಾಧ್ಯವೇ ಇಲ್ಲ. ಆ ಮಾತುಕತೆಯಿಂದ ಮಿಲ್ಲರ್ ವರದಿ ಬರೆಯಲಿಲ್ಲ, ಹಾಗಾಗಿ ಆ ವರ್ಣನೆ ಅಚ್ಚಾಗಲಿಲ್ಲ.

ಹಾಗೆಂದು ಹೆಸರಿಲ್ಲದ ಸುದ್ದಿಯನ್ನೆಲ್ಲ ತಳ್ಳಿಹಾಕುವುದು ತಪ್ಪು. ಅದೇ 2002ರಲ್ಲಿ ನೈಟ್ ರಿಡ್ಡರ್ ಪತ್ರಿಕಾ ಸಂಸ್ಥೆಯ ಜೊನಾಥನ್ ಲ್ಯಾಂಡೆ ಮತ್ತು ವಾರೆನ್ ಸ್ಟ್ರೋಬೆಲ್ ಕೂಡ ಹೆಸರು ಮುಚ್ಚಿಟ್ಟೇ ಬರೆದರು, ಸರ್ಕಾರದ ವಾದ ಅನುಮಾನಾಸ್ಪದವೆಂದು ಸರಿಯಾಗಿಯೇ ಬರೆದರು. ಅವರು ಹೆಚ್ಚಾಗಿ ಮಾತಾಡಿಸಿದ್ದು ಕಡತ ನೋಡುವ ಮಧ್ಯಮ ಹಂತದ ಅಧಿಕಾರಿಗಳನ್ನು.

ಆದ್ದರಿಂದ ಓದುವಾಗ ಮೊದಲು ನೋಡಬೇಕಾದ್ದು, ಹೇಳಿದವರ ಮಾತು ಸರ್ಕಾರದ ನಿಲುವಿಗೆ ವಿರುದ್ಧವೋ ಅನುಕೂಲವೋ ಎಂಬುದನ್ನು. ಅನುಕೂಲವೇ ಆಗಿದ್ದರೆ ಹೆಸರು ಮುಚ್ಚಿಡಲು ಕಾರಣವೇನೆಂದು ವರದಿ ಹೇಳಲೇಬೇಕು. ‘ವಿಷಯದ ಸೂಕ್ಷ್ಮತೆಯಿಂದಾಗಿ’ ಎಂಬುದು ಕಾರಣವಲ್ಲ. ಎರಡನೆಯದಾಗಿ, ಹೇಳಿದ್ದು ಅಳತೆ, ದಿನಾಂಕ, ದಾಖಲೆಯಂಥ ಪರೀಕ್ಷಿಸಬಹುದಾದ ಸಂಗತಿಯೇ, ಬರೀ ಎಚ್ಚರಿಕೆಯೇ ಎಂದು ನೋಡಿ. ಮೂರು ಪತ್ರಿಕೆಗಳಲ್ಲಿ ಒಂದೇ ಸುದ್ದಿ ಬಂದರೆ ಅದು ಮೂರು ಮೂಲಗಳ ದೃಢೀಕರಣ ಎಂದುಕೊಳ್ಳಬೇಡಿ. ಉದ್ಧರಣೆಯ ಸಾಲುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ಪದಕ್ಕೆ ಪದ ಕೂಡಿಬಂದರೆ ಮೂವರು ವರದಿಗಾರರೂ ಒಂದೇ ಫೋನ್ ಕರೆಯಲ್ಲಿದ್ದಿರಬಹುದು.