ಟಿಕೆಟ್ ಇಲ್ಲದ ಡಿಸ್ಕ್ ಗಾಲ್ಫ್ ಕೋರ್ಸನ್ನು ನೋಡಿಕೊಳ್ಳೋರು ಯಾರು?

ಪ್ರಶ್ನೆ: ನನ್ನ ಮಗ ಹೊರದೇಶದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ಪಾರ್ಕಿನಲ್ಲಿ ಡಿಸ್ಕ್ ಗಾಲ್ಫ್ ಆಡ್ತಾನಂತೆ. ಟಿಕೆಟ್ ಇಲ್ಲ, ಗೇಟಿಲ್ಲ, ಕೆಲಸದವರೂ ಕಾಣಲ್ಲ, ಆದರೂ ಜಾಗ ಚೊಕ್ಕವಾಗಿರುತ್ತಂತೆ. ನಮ್ಮೂರ ಪೈಸಾರಿ (ಸರ್ಕಾರಿ) ಜಾಗದಲ್ಲೂ ಒಂದು ಕೋರ್ಸ್ ಮಾಡೋಣ ಅಂತ ಇಲ್ಲಿನ ಹುಡುಗರು ಹೇಳ್ತಿದ್ದಾರೆ. ಮಾಡೋದೇನೋ ಮಾಡಬಹುದು, ಆಮೇಲೆ ನೋಡಿಕೊಳ್ಳೋರು ಯಾರು?
– ಓದುಗರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಆಡುವವರೇ ನೋಡಿಕೊಳ್ಳುತ್ತಾರೆ. ಅಮೆರಿಕದಲ್ಲಿ ಹೆಚ್ಚಿನ ಕೋರ್ಸ್‌ಗಳು ಇರುವುದು ಸಾರ್ವಜನಿಕ ಪಾರ್ಕುಗಳಲ್ಲಿ. ಹಲವು ಕಡೆ ಪಾರ್ಕಿನವರು ಹುಲ್ಲು ಕತ್ತರಿಸಿ ಹೋಗುತ್ತಾರೆ. ಉಳಿದ ಕೆಲಸವೆಲ್ಲ ಅಲ್ಲಿನ ಆಟಗಾರರ ಕ್ಲಬ್ಬಿನದು. ಸಂಬಳ ಇಲ್ಲ. ರಜೆಯ ದಿನ ಬೆಳಿಗ್ಗೆ ಬಂದು ಗುದ್ದಲಿ ಹಿಡಿಯುತ್ತಾರೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫ್‌ನ ಹಾಗೇ ಆಟ, ಆದರೆ ಚೆಂಡಿನ ಬದಲು ಫ್ರಿಸ್ಬೀ ತರದ ಡಿಸ್ಕ್, ಗುಂಡಿಯ ಬದಲು ಕಂಬಕ್ಕೆ ಕೂರಿಸಿದ ಕಬ್ಬಿಣದ ಬುಟ್ಟಿ. ಬುಟ್ಟಿಯ ಮೇಲೆ ಸರಪಳಿಗಳು ನೇತಾಡುತ್ತವೆ. ಎಸೆಯುವ ಕಟ್ಟೆಯಿಂದ ಒಂದು ಬುಟ್ಟಿಯವರೆಗಿನ ಆಟಕ್ಕೆ ಒಂದು ಹೋಲ್ ಅಂತಾರೆ. ಡಿಸ್ಕ್ ಸರಪಳಿಗೆ ತಾಗಿ ಬುಟ್ಟಿಗೆ ಬಿದ್ದರೆ ಆ ಹೋಲ್ ಮುಗಿಯಿತು. ಒಂದು ಕೋರ್ಸ್‌ನಲ್ಲಿ ಸಾಮಾನ್ಯವಾಗಿ 9 ಅಥವಾ 18 ಹೋಲ್. ಮೊದಲ ಕಾಯಂ ಕೋರ್ಸ್ ಆಗಿದ್ದು 1975ರಲ್ಲಿ, ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ. ಮಾಡಿದವರು ಎಡ್ ಹೆಡ್ರಿಕ್. ಆಗ ಸರಪಳಿ ಬುಟ್ಟಿ ಇರಲಿಲ್ಲ, ಬರೀ ಕಂಬಗಳಿದ್ದವು.

ಸ್ವಯಂಸೇವಕರ ಕೆಲಸ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಪ್ಲಾಸ್ಟಿಕ್ ಹೆಕ್ಕುವುದು. ಅದು ಕೆಲಸದ ಚಿಕ್ಕ ಭಾಗ. ಕೋರ್ಸ್ ಹಾಳಾಗುವುದು ಮುಖ್ಯವಾಗಿ ಕಾಲ್ತುಳಿತ ಮತ್ತು ನೀರಿನಿಂದ.

ಬುಟ್ಟಿಯ ಸುತ್ತಲಿನ ಜಾಗವನ್ನೇ ನೋಡಿ. ಯಾರು ಎಲ್ಲಿಂದ ಎಸೆದರೂ ಕೊನೆಗೆ ಬುಟ್ಟಿಯಿಂದ 10 ಮೀಟರ್ ಒಳಗೆ ಬಂದು ನಿಲ್ಲಲೇಬೇಕು. ದಿನವೂ ತುಳಿದು ತುಳಿದು ಅಲ್ಲಿನ ಮಣ್ಣು ಗಟ್ಟಿಯಾಗುತ್ತದೆ. ಹುಲ್ಲು ಸಾಯುತ್ತದೆ. ಮಳೆ ನೀರು ಇಂಗದೆ ಮೇಲೇ ಹರಿದು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ, ಹತ್ತಿರದ ಮರಗಳ ಬೇರು ಮೇಲೆ ಕಾಣತೊಡಗುತ್ತದೆ. ಇದಕ್ಕೆ ಒಳ್ಳೆಯ ಉಪಾಯವೊಂದಿದೆ. ಬುಟ್ಟಿಯ ಕಂಬವನ್ನು ನೇರ ನೆಲಕ್ಕೆ ಹುಗಿಯುವುದಿಲ್ಲ. ಕಾಂಕ್ರೀಟಿನಲ್ಲಿ ಒಂದು ಪೈಪ್ ಕೂರಿಸಿ, ಅದರೊಳಗೆ ಕಂಬ ಇಳಿಸಿ ಬೀಗ ಹಾಕುತ್ತಾರೆ. ಒಂದೊಂದು ಹೋಲ್‌ಗೂ ಇಂಥ ಎರಡು ಮೂರು ಪೈಪ್ ಬೇರೆ ಬೇರೆ ಕಡೆ ಇಟ್ಟಿರುತ್ತಾರೆ. ಒಂದು ಜಾಗ ಸವೆದರೆ ಬುಟ್ಟಿಯನ್ನು ಇನ್ನೊಂದಕ್ಕೆ ಸಾಗಿಸಿ, ಹಳೆಯ ಜಾಗಕ್ಕೆ ಮರದ ಚಕ್ಕೆ ಹರಡಿ ಬಿಡುತ್ತಾರೆ. ಅಲ್ಲಿನ ನೆಲಕ್ಕೆ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ.

ಇನ್ನೊಂದು, ಮರದ ತೊಗಟೆ. ಎಸೆಯುವ ಕಟ್ಟೆಯ ಎದುರಿಗಿರುವ ಮೊದಲ ಮರಕ್ಕೆ ದಿನವೂ ಡಿಸ್ಕಿನ ಹೊಡೆತ ಬೀಳುತ್ತದೆ. ತೊಗಟೆ ಎದ್ದರೆ ಗಾಯದಿಂದ ಹುಳ, ಶಿಲೀಂಧ್ರ ಒಳಗೆ ಹೋಗುತ್ತವೆ. ಅಂಥ ಮರದ ಮುಂದೆ ಒಂದೆರಡು ಗೂಟ ನಿಲ್ಲಿಸಿ ಪೆಟ್ಟು ಅದಕ್ಕೇ ಬೀಳುವ ಹಾಗೆ ಮಾಡುತ್ತಾರೆ. ಅಡ್ಡ ಬರುತ್ತೆ ಅಂತ ಮರ ಕಡಿದವರನ್ನು ಒಳ್ಳೆಯ ಕ್ಲಬ್ಬಿನವರು ಕ್ಷಮಿಸುವುದಿಲ್ಲ. ಯಾವ ಕೊಂಬೆ ತೆಗೆಯಬೇಕು ಅಂತ ಒಬ್ಬರೇ ಗುರುತು ಹಾಕುತ್ತಾರೆ, ಉಳಿದವರು ಗುರುತಿಲ್ಲದ್ದನ್ನು ಮುಟ್ಟುವುದಿಲ್ಲ. ಈ ನಿಯಮ ನನಗೆ ತುಂಬಾ ಇಷ್ಟ. ನಮ್ಮಲ್ಲಂತೂ ಸರ್ಕಾರಿ ಜಾಗದ ಮರಕ್ಕೆ ಕತ್ತಿ ಹಾಕುವ ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕೇ ಬೇಕು. ದೇವರಕಾಡಿನ ಪಕ್ಕದ ಜಾಗವಾದರೆ ಆ ಯೋಚನೆಯನ್ನೇ ಬಿಡಿ.

ಈಗ ನಿಮ್ಮ ಊರಿಗೆ ಬರೋಣ. ಜನ ಸೇರಿಸುವುದು ಕೊಡಗಿಗೆ ಹೊಸದಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನು ವರ್ಷಕ್ಕೊಂದು ಕುಟುಂಬ ಹೊತ್ತುಕೊಂಡು ನಡೆಸುತ್ತಾ ಬಂದಿದೆ. ಮೈದಾನ, ಗ್ಯಾಲರಿ, ಊಟ ಎಲ್ಲವೂ ಆಗುತ್ತದೆ. ಆದರೆ ಅದಕ್ಕೆ ಫೈನಲ್ ಅಂತ ಒಂದು ದಿನ ಇದೆ. ಕೋರ್ಸ್‌ಗೆ ಅದಿಲ್ಲ. ಉದ್ಘಾಟನೆಯ ದಿನ ಐವತ್ತು ಜನ ಬಂದರೆ ಸಂತೋಷವೇ, ಆದರೆ ಎರಡನೇ ವರ್ಷದ ಜುಲೈಯಲ್ಲಿ ರೈನ್‌ಕೋಟ್ ಹಾಕಿಕೊಂಡು ಚರಂಡಿ ನೋಡಲು ಬರುವ ನಾಲ್ಕು ಜನ ಯಾರು ಅಂತ ಈಗಲೇ ಕೇಳಿ. ಎಷ್ಟೋ ಕ್ಲಬ್ಬುಗಳು ಒಂದೊಂದು ಹೋಲನ್ನು ಒಬ್ಬೊಬ್ಬರಿಗೆ ಅಥವಾ ಒಂದೊಂದು ಮನೆಗೆ ಒಪ್ಪಿಸಿರುತ್ತವೆ. ನಾಲ್ಕನೇ ಹೋಲಿನ ದಾರಿ ಕೊಚ್ಚಿ ಹೋದರೆ ಯಾರಿಗೆ ಫೋನ್ ಮಾಡಬೇಕು ಅಂತ ಎಲ್ಲರಿಗೂ ಗೊತ್ತಿರುತ್ತದೆ. ನೀವೂ ಹಾಗೇ ಮಾಡಿ.

ಕೆಲಸದ ದಿನ ಇಡುವಾಗ ಕಾಫಿಯ ಲೆಕ್ಕ ನೋಡಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕುಯ್ಲು. ಆಗ ಕರೆದರೆ ಯಾರೂ ಬರಲ್ಲ, ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವುದೂ ತಪ್ಪು. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ ಚರಂಡಿ ಬಿಡಿಸಿ, ಇಳಿಜಾರಿನ ದಾರಿಗೆ ಓರೆಯಾಗಿ ಮರದ ದಿಮ್ಮಿ ಹುಗಿಯಿರಿ. ಹರಿಯುವ ನೀರು ಅಲ್ಲಲ್ಲಿ ಪಕ್ಕಕ್ಕೆ ತಿರುಗಿ ಹೋಗುತ್ತದೆ. ಮಳೆಗಾಲದಲ್ಲಿ ಆಟ ಬಂದ್ ಮಾಡಿ, ಬೋರ್ಡ್ ಹಾಕಿ. ನೆನೆದ ಮಣ್ಣಿನ ಮೇಲೆ ಆಡಿದರೆ ಒಂದೇ ವಾರದಲ್ಲಿ ಕೆಸರುಗದ್ದೆ. ಕೈಲ್ ಮುಹೂರ್ತದ ಹಬ್ಬ ಮುಗಿದ ಮೇಲೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಕಳೆಗಿಡಗಳ ಕಾಡು ಕೊಚ್ಚಿ. ಲಾಂಟಾನ, ಕಮ್ಯುನಿಸ್ಟ್ ಗಿಡ ಇವೆರಡೂ ಮಳೆ ನಿಲ್ಲುವಷ್ಟರಲ್ಲಿ ಆಳೆತ್ತರ ಎದ್ದಿರುತ್ತವೆ. ಲಾಂಟಾನವನ್ನು ಬರೀ ಸವರಿದರೆ ಸಾಲದು, ಬುಡ ಕೀಳಬೇಕು. ಮರದ ಚಕ್ಕೆ ಸಿಗದಿದ್ದರೆ ಕಾಫಿ ಹೊಟ್ಟು ಹರಡಿ ನೋಡಬಹುದು.

ಗುಡ್ಡ ಅಗೆದು ಸಮತಟ್ಟು ಮಾಡಬೇಡಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎಸೆಯುವ ಕಟ್ಟೆಗೆ ಬೇಕಾಗುವುದು ಚಿಕ್ಕ ಜಾಗ. ಸಹಜವಾಗಿಯೇ ಸಮ ಇರುವ ಕಡೆ ಅದನ್ನು ಹುಡುಕಿ. ಸಿಗದಿದ್ದರೆ ಹೋಲ್ ಕಡಿಮೆ ಮಾಡಿ.

ಕಸದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೆಕ್ಕುವುದಕ್ಕಿಂತ ಹೆಕ್ಕಿದ್ದನ್ನು ಎಲ್ಲಿಗೆ ಕಳಿಸುವುದು ಅನ್ನೋದು ದೊಡ್ಡ ತಲೆನೋವು. ಮೂಟೆ ಕಟ್ಟಿ ರಸ್ತೆ ಬದಿಗಿಟ್ಟು ಫೋಟೋ ತೆಗೆದು ಹೋದರೆ ರಾತ್ರಿ ನಾಯಿಗಳು ಹರಿದು ಹರಡುತ್ತವೆ. ಪಂಚಾಯಿತಿಯ ಕಸದ ಗಾಡಿ ಯಾವ ದಿನ ಬರುತ್ತೆ ಅಂತ ಮೊದಲೇ ಕೇಳಿ, ಅದರ ಹಿಂದಿನ ದಿನ ಹೆಕ್ಕಿ. ಒಡೆದ ಬಾಟಲಿಗೆ ಬೇರೆ ಚೀಲ ಇರಲಿ, ಕೈಗೆ ದಪ್ಪ ಗ್ಲೌಸ್ ಇರಲಿ. ಆನೆ ಓಡಾಡುವ ಕಡೆಯಾದರೆ ಚೆನ್ನಾಗಿ ಬೆಳಕಾದ ಮೇಲೆಯೇ ಹೋಗಿ.

ಹುಡುಗರಿಗೆ ನನ್ನ ಸಲಹೆ ಇಷ್ಟು. ಮೊದಲು ಆ ಜಾಗ ಕಂದಾಯದ್ದೋ ಅರಣ್ಯದ್ದೋ ಅಂತ ತಾಲ್ಲೂಕು ಕಚೇರಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ಪಂಚಾಯಿತಿಗೆ ಲಿಖಿತ ಅರ್ಜಿ ಕೊಡಿ, ನೋಡಿಕೊಳ್ಳುವವರ ಹೆಸರನ್ನೂ ಅದರಲ್ಲೇ ಬರೆಯಿರಿ. 18 ಹೋಲ್ ಆಸೆ ಈಗ ಬೇಡ. ಮಡಚಿ ಒಯ್ಯುವಂಥ ಬುಟ್ಟಿಗಳು ಸಿಗುತ್ತವೆ, ಮೂರು ತಂದು ಒಂದು ಬೇಸಿಗೆ ಆಡಿ. ಮಳೆಗಾಲದಲ್ಲಿ ಛತ್ರಿ ಹಿಡಿದು ಹೋಗಿ ನೀರು ಎಲ್ಲಿ ಹರಿಯುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಗುರುತು ಮಾಡಿಕೊಳ್ಳಿ. ಕಾಂಕ್ರೀಟ್ ಹಾಕುವುದು ಅದಾದ ಮೇಲೆ.