ಪದ ಪರಿಚಯ: ಗೇಮ್ ಕಂಪೋಸರ್

ವಿಡಿಯೋ ಗೇಮ್‌ಗೆ ಸಂಗೀತ ಕಟ್ಟುವವರನ್ನು ಗೇಮ್ ಕಂಪೋಸರ್ ಅನ್ನುತ್ತಾರೆ. ಸಿನಿಮಾದ ಸಂಗೀತ ನಿರ್ದೇಶಕರ ಕೆಲಸವೇ ಅಲ್ವಾ ಇದು ಅಂತ ಕೇಳಬಹುದು. ಅಲ್ಲ. ಸಿನಿಮಾದಲ್ಲಿ ನಾಯಕ ಎಷ್ಟನೇ ಸೆಕೆಂಡಿಗೆ ಬಾಗಿಲು ತೆರೆಯುತ್ತಾನೆ ಅಂತ ಮೊದಲೇ ಗೊತ್ತಿರುತ್ತದೆ. ಗೇಮ್‌ನಲ್ಲಿ ಬಾಗಿಲು ತೆರೆಯುವವರು ಆಡುವವರೇ. ಒಬ್ಬರು ಬಂದ ಕೂಡಲೇ ತೆರೆಯುತ್ತಾರೆ. ಇನ್ನೊಬ್ಬರು ಹತ್ತು ನಿಮಿಷ ಅಂಗಳದಲ್ಲೇ ಸುತ್ತುತ್ತಾರೆ. ಮತ್ತೊಬ್ಬರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಈ ಮೂವರಿಗೂ ಹೊಂದುವ ಸಂಗೀತ ಮೊದಲೇ ತಯಾರಾಗಿರಬೇಕು.

ಕಾಸರಗೋಡಿನವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಯಕ್ಷಗಾನದ ಭಾಗವತರನ್ನು ನೆನಪಿಸಿಕೊಂಡರೆ ಸಾಕು. ವೇಷಧಾರಿ ಕುಣಿತ ಬೆಳೆಸಿದರೆ ಭಾಗವತರು ಅದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ. ಚೆಂಡೆಯವರ ಕಣ್ಣು ವೇಷಧಾರಿಯ ಕಾಲಿನ ಮೇಲೆಯೇ ಇರುತ್ತದೆ. ಅವನು ನಿಲ್ಲಿಸುವ ಸೂಚನೆ ಕೊಟ್ಟಾಗ ಮುಕ್ತಾಯದ ಪೆಟ್ಟು ಬೀಳುತ್ತದೆ. ಬಣ್ಣದ ವೇಷ ಬರುವಾಗಲಂತೂ ತೆರೆ ಇನ್ನೂ ಸರಿದಿರುವುದಿಲ್ಲ, ಬರುತ್ತಿರುವವನು ರಕ್ಕಸ ಅಂತ ಚೆಂಡೆ ಕೇಳಿಯೇ ಸಣ್ಣ ಮಕ್ಕಳಿಗೂ ಗೊತ್ತಾಗಿಬಿಡುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ.

ಗೇಮ್ ಕಂಪೋಸರ್ ಮಾಡಬೇಕಾದ್ದೂ ಹೆಚ್ಚುಕಡಿಮೆ ಇದನ್ನೇ. ಆದರೆ ಆಡುವವರ ಎದುರು ಅವರು ಕೂತಿರುವುದಿಲ್ಲ. ಭಾಗವತರು ಕಣ್ಣಾರೆ ನೋಡಿ ಆ ಹೊತ್ತಿಗೆ ತೀರ್ಮಾನ ಮಾಡುವುದನ್ನು ಇವರು ತಿಂಗಳುಗಟ್ಟಲೆ ಮೊದಲೇ ಊಹಿಸಿ, ಹೀಗಾದರೆ ಇದು, ಹಾಗಾದರೆ ಅದು ಅಂತ ನಿಯಮ ಮಾಡಿಡಬೇಕು.

1978ರಲ್ಲಿ ಬಂದ ಸ್ಪೇಸ್ ಇನ್ವೇಡರ್ಸ್ ಅನ್ನುವ ಗೇಮ್‌ನಲ್ಲಿ ಇದ್ದದ್ದು ಕೆಳಗಿಳಿಯುವ ನಾಲ್ಕೇ ಸ್ವರ, ಅದೂ ಸುಮ್ನೆ ಮತ್ತೆ ಮತ್ತೆ ಕೇಳಿಸುತ್ತಿತ್ತು. ಆದರೆ ಶತ್ರುಗಳು ಕಡಿಮೆಯಾದಂತೆ ಉಳಿದವರ ಓಟ ಜೋರಾಗುತ್ತಿತ್ತು, ಜೊತೆಗೆ ಆ ನಾಲ್ಕು ಸ್ವರಗಳೂ ಜೋರಾಗಿ ಓಡುತ್ತಿದ್ದವು. ಆಡುವವರ ಎದೆಬಡಿತ ಏರಿಸಲು ಅಷ್ಟು ಸಾಕಾಯಿತು. 1990ರ ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಕೋಜಿ ಕೊಂಡೋ ಇನ್ನೊಂದು ಚಂದದ ಕೆಲಸ ಮಾಡಿದರು. ಮಾರಿಯೋ ತನ್ನ ಗೆಳೆಯ ಯೋಶಿಯ ಬೆನ್ನೇರಿದ ಕೂಡಲೇ ಓಡುತ್ತಿರುವ ಹಾಡಿಗೆ ಬೊಂಗೋ ಅನ್ನುವ ಪುಟ್ಟ ಡ್ರಮ್ಮಿನ ಪೆಟ್ಟು ಸೇರಿಕೊಳ್ಳುತ್ತದೆ. ಇಳಿದರೆ ಪೆಟ್ಟು ನಿಲ್ಲುತ್ತದೆ, ಹಾಡು ನಿಲ್ಲುವುದಿಲ್ಲ.

ಈ ಕ್ಷೇತ್ರದವರು ಇದನ್ನು ಲೇಯರ್ ಅನ್ನುತ್ತಾರೆ. ಒಂದೇ ಹಾಡನ್ನು ಪದರ ಪದರವಾಗಿ ರೆಕಾರ್ಡ್ ಮಾಡುತ್ತಾರೆ. ಒಂದು ಪದರದಲ್ಲಿ ತಂತಿ ವಾದ್ಯ, ಒಂದರಲ್ಲಿ ಡ್ರಮ್, ಒಂದರಲ್ಲಿ ಗಾಯನ. ಅಪಾಯ ಹತ್ತಿರ ಬಂದರೆ ಡ್ರಮ್ಮಿನ ಪದರ ತೆರೆಯುತ್ತದೆ, ದೂರ ಹೋದರೆ ಮುಚ್ಚುತ್ತದೆ. 2010ರ ರೆಡ್ ಡೆಡ್ ರಿಡೆಂಪ್ಷನ್‌ಗೆ ಬಿಲ್ ಎಲ್ಮ್ ಮತ್ತು ವುಡಿ ಜಾಕ್ಸನ್ ಸಂಗೀತ ಮಾಡಿದಾಗ ನಿಮಿಷಕ್ಕೆ 130 ಬೀಟ್‌ನ ಲಯ, ಎ ಮೈನರ್ ಸ್ವರಶ್ರೇಣಿ ಅಂತ ಮೊದಲೇ ಗೊತ್ತುಮಾಡಿಕೊಂಡಿದ್ದರು. ಹಾಗಾಗಿ ಯಾವ ತುಣುಕನ್ನು ಯಾವುದರ ಮೇಲಿಟ್ಟರೂ ತಾಳ ತಪ್ಪುವುದಿಲ್ಲ, ಶ್ರುತಿ ಕೆಡುವುದಿಲ್ಲ. ಕುದುರೆ ಸವಾರಿ ಎಷ್ಟು ಹೊತ್ತು ನಡೆದರೂ ಸಂಗೀತ ಬಿಟ್ಟುಹೋಗದೆ ಜೊತೆಗೇ ಬರುತ್ತದೆ.

ಇಷ್ಟು ತಂತ್ರದ ಮಾತಾಯಿತು. ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಕಥೆಯ ಲೋಕ ಕಟ್ಟುವ ಕೆಲಸ. 2012ರ ಜರ್ನಿ ಅನ್ನುವ ಗೇಮ್ ನೋಡಿ. ಅದರಲ್ಲಿ ಮಾತೇ ಇಲ್ಲ. ಮರುಭೂಮಿ, ದೂರದಲ್ಲಿ ಒಂದು ಬೆಟ್ಟ, ನಿಲುವಂಗಿ ತೊಟ್ಟ ಒಂದು ಜೀವ. ನಾನು ಯಾರು, ಎಲ್ಲಿಗೆ ಹೊರಟಿದ್ದೇನೆ ಅಂತ ಯಾರೂ ಹೇಳುವುದಿಲ್ಲ. ಕಂಪೋಸರ್ ಆಸ್ಟಿನ್ ವಿಂಟರಿ ಆಡುವವರಿಗೆ ಅಂತಲೇ ಒಂದು ಚೆಲ್ಲೋ, ಅಂದರೆ ಪಿಟೀಲಿಗಿಂತ ದೊಡ್ಡದಾದ, ತಗ್ಗು ದನಿಯ ತಂತಿ ವಾದ್ಯ, ಇಟ್ಟರು. ಉಳಿದ ವಾದ್ಯಗಳೆಲ್ಲ ಸುತ್ತಲಿನ ಲೋಕ. ಮರಳಲ್ಲಿ ಒಬ್ಬರೇ ನಡೆಯುವಾಗ ಕೇಳುವ ಚೆಲ್ಲೋ ನಮ್ಮದೇ ದನಿ ಅಂತ ಮೆಲ್ಲಗೆ ಮನಸ್ಸಿಗೆ ಬರುತ್ತದೆ. ಲೋಕದ ದನಿಗಳು ಅದರ ಜೊತೆ ಸೇರಿದಾಗ ಇಲ್ಲಿ ನಾನೊಬ್ಬನೇ ಅಲ್ಲ ಅನ್ನುವ ಧೈರ್ಯ ಬರುತ್ತದೆ. ಸಂಭಾಷಣೆ ಬರೆಯುವವರು ಮಾಡಬೇಕಾದ ಕೆಲಸವನ್ನು ಇಲ್ಲಿ ಸಂಗೀತವೇ ಮಾಡಿದೆ. ಗ್ರ್ಯಾಮಿ ಸಂಗೀತ ಪ್ರಶಸ್ತಿಯ ದೃಶ್ಯ ಮಾಧ್ಯಮ ಸಂಗೀತ ವಿಭಾಗಕ್ಕೆ ನಾಮನಿರ್ದೇಶನ ಪಡೆದ ಮೊದಲ ಗೇಮ್ ಸಂಗೀತ ಇದು. ವಿಂಟರಿ ಕೊನೆಗೆ ಬಂದು ಹಾಡು ಅಂಟಿಸಿ ಹೋದವರಲ್ಲ. ಗೇಮ್ ತಯಾರಾಗುತ್ತಿದ್ದ ಸುಮಾರು ಮೂರು ವರ್ಷವೂ ತಂಡದ ಜೊತೆಗಿದ್ದರು. ಒಳ್ಳೆಯ ಗೇಮ್ ಸಂಗೀತ ಬರುವುದೇ ಹಾಗೆ ಅಂತ ನನ್ನ ನಂಬಿಕೆ.

ವಾದ್ಯದ ಆಯ್ಕೆಯಲ್ಲೂ ಕಥೆ ಇರುತ್ತದೆ. 2013ರ ದ ಲಾಸ್ಟ್ ಆಫ್ ಅಸ್‌ನಲ್ಲಿ ಲೋಕ ಹಾಳುಬಿದ್ದಿದೆ. ಅಲ್ಲಿ ದೊಡ್ಡ ವಾದ್ಯವೃಂದ ಗುಡುಗಿಸಬಹುದಿತ್ತು. ಆದರೆ ಕಂಪೋಸರ್ ಗುಸ್ತಾವೊ ಸಾಂತವೊಲಾಯ ಗಿಟಾರ್, ರೊಂರೊಕೊದಂಥ ತಂತಿ ವಾದ್ಯಗಳನ್ನು ಹಿಡಿದರು. ರೊಂರೊಕೊ ಆಂಡೀಸ್ ಬೆಟ್ಟದ ಸೀಮೆಯದ್ದು. ಭಯಕ್ಕಿಂತ ಕಳೆದುಕೊಂಡವರ ನೋವು ಮುಂದೆ ಬಂತು.

ಇನ್ನೊಂದು ಸಂಗತಿ. ಎಲ್ಲಿ ಸುಮ್ಮನಿರಬೇಕು ಅಂತ ತೀರ್ಮಾನಿಸುವುದೂ ಕಂಪೋಸರ್ ಕೆಲಸವೇ. 2017ರ ಬ್ರೆತ್ ಆಫ್ ದ ವೈಲ್ಡ್‌ನ ಬಯಲಿನಲ್ಲಿ ಪಿಯಾನೋದ ನಾಲ್ಕಾರು ಸ್ವರ ಕೇಳಿಸಿ ಮರೆಯಾಗುತ್ತದೆ. ಉಳಿದ ಹೊತ್ತೆಲ್ಲ ಗಾಳಿ, ಹುಲ್ಲು, ಹಕ್ಕಿ.

ಗಾಳಿಯ, ಹೆಜ್ಜೆಯ, ಕತ್ತಿಯ ಸದ್ದು ಮಾಡುವವರು ಸೌಂಡ್ ಡಿಸೈನರ್. ಸಣ್ಣ ತಂಡದಲ್ಲಿ ಇಬ್ಬರ ಕೆಲಸವನ್ನೂ ಒಬ್ಬರೇ ಮಾಡುವುದುಂಟು.

ನಮ್ಮ ಕಥೆಗಳ ಗೇಮ್‌ಗಳೂ ಬರುತ್ತಿವೆ. ಪುಣೆಯ ತಂಡವೊಂದು 2020ರಲ್ಲಿ ರಾಜಿ ಅನ್ನುವ ಗೇಮ್ ಮಾಡಿತು. ಅದರ ದೇವರು ರಕ್ಕಸರೆಲ್ಲ ನಮ್ಮ ಪುರಾಣದವರು. ಸಂಗೀತ ಮಾತ್ರ ಗ್ರೀಸ್‌ನ ಲಿನೋಸ್ ಟ್ಸೆಲೋಸ್ ಅವರದು. ಅವರು ಪ್ರೀತಿಯಿಂದ ಮಾಡಿದ್ದಾರೆ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ರಕ್ಕಸನ ಬರವನ್ನು ಕಿವಿಗೆ ಮೊದಲು ಮುಟ್ಟಿಸುವ ವಿದ್ಯೆ ಇಲ್ಲಿನ ಮಕ್ಕಳ ಕೈಯಲ್ಲೇ ಇದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಅದಕ್ಕೆ ತಯಾರಾಗುವ ಮಕ್ಕಳು ಸಂಜೆ ಮೊಬೈಲಿನಲ್ಲಿ ಗೇಮ್ ಆಡುವವರೇ. ಇವೆರಡೂ ಒಂದು ಕಡೆ ಸೇರಬಹುದು ಅಂತ ಅವರಿಗೆ ಯಾರಾದರೂ ಹೇಳಬೇಕು.

ಆಸೆ ಇದ್ದವರು ಶುರುಮಾಡಲು ಒಂದು ಚೆಂಡೆ, ಒಂದು ಮೊಬೈಲ್, ಒಂದು ಕಂಪ್ಯೂಟರ್ ಸಾಕು. ಒಂದೇ ವೇಗದಲ್ಲಿ ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮನ್ನು ಕಿವಿಗೆ ಹಾಕಿಕೊಂಡು, ಒಂದೇ ಲಯ, ಒಂದೇ ಉದ್ದದಲ್ಲಿ ಮೂರು ತುಣುಕು ಬಾರಿಸಿ ರೆಕಾರ್ಡ್ ಮಾಡಿ. ಮೊದಲನೆಯದು ಬಿಡಿಬಿಡಿ ಪೆಟ್ಟು, ಎರಡನೆಯದು ನಡಿಗೆಗೆ, ಮೂರನೆಯದು ಯುದ್ಧಕ್ಕೆ. ಗೇಮ್‌ಗೆ ಸಂಗೀತ, ಸದ್ದು ಜೋಡಿಸುವ ಎಫ್‌ಮಾಡ್, ವೈಸ್ ಅನ್ನುವ ಎರಡು ಕಂಪ್ಯೂಟರ್ ಸಾಫ್ಟ್‌ವೇರ್‌ಗಳನ್ನು ದೊಡ್ಡ ಕಂಪೆನಿಗಳೂ ಬಳಸುತ್ತವೆ, ಕಲಿಯುವವರಿಗೆ ಅವು ಉಚಿತವಾಗಿಯೇ ಸಿಗುತ್ತವೆ. ಮೂರು ತುಣುಕನ್ನೂ ಇವೆರಡರಲ್ಲಿ ಯಾವುದಾದರೂ ಒಂದರಲ್ಲಿ ಒಂದರ ಮೇಲೊಂದು ಇಟ್ಟು, ಅಪಾಯ ಅಂತ ಒಂದು ಗುಂಡಿ ಮಾಡಿ ತಿರುಗಿಸಿ ನೋಡಿ. ನಡಿಗೆಯಿಂದ ಯುದ್ಧಕ್ಕೆ ಏರುವಾಗ ಎಲ್ಲಿ ತಾಳ ಎಡವುತ್ತದೋ ಆ ತುಣುಕನ್ನು ಮತ್ತೆ ಬಾರಿಸಿ.