ಜೋಳದ ಬೇರು ಕೂಗಿದರೆ ಕಳ್ಳ ಓಗೊಡುತ್ತಾನೆ

ಹುನಗುಂದ ಕಡೆ ನಮ್ಮ ಕಾಕಾ ಅವರದು ಮಸಾರಿ ಹೊಲ. ಒಂದು ವರ್ಷ ಮೊಣಕಾಲೆತ್ತರ ಬಂದ ಮುಂಗಾರಿ ಜೋಳ ಇದ್ದಕ್ಕಿದ್ದಂತೆ ಸೊರಗಿತು. ಮಳೆಯಾಗಿ ಮೂರೇ ದಿನ, ನೆಲದಲ್ಲಿ ಹಸಿ ಇದೆ, ಆದರೂ ಎಲೆ ನೀರು ಕಾಣದ ಹಾಗೆ ಸುರುಳಿ ಸುತ್ತಿವೆ. "ಯಾರೋ ಮಾಟ ಮಾಡ್ಯಾರ" ಅಂದ ಕಾಕಾ ಬದುವಿನ ಬೇವಿನ ಗಿಡಕ್ಕೆ ನಿಂಬೆಹಣ್ಣು ಕಟ್ಟಿಸಿದರು. ಎರಡು ವಾರಕ್ಕೆ ಜೋಳದ ಬುಡದಲ್ಲಿ ಗೇಣುದ್ದದ ಗಿಡಗಳು ಎದ್ದವು. ಸಣ್ಣ ಬಿಳಿ ಹೂ, ನೋಡಲು ಚೆಂದ. ಕಳ್ಳ ಸಿಕ್ಕಿಬಿದ್ದಿದ್ದ, ಆದರೆ ಯಾರಿಗೂ ಅನುಮಾನ ಬರಲಿಲ್ಲ.

ಅದು ಸ್ಟ್ರೈಗಾ. ಮರಾಠಿಯವರು ಟಾರಫುಲಾ ಅಂತಾರೆ. ಇಂಗ್ಲಿಷ್‌ನವರು ನಮಗಿಂತ ಜಾಣರೇನಲ್ಲ, ಅವರಿಟ್ಟ ಹೆಸರು ವಿಚ್‌ವೀಡ್, ಅಂದರೆ ಮಾಟಗಾತಿ ಕಸ! ವಾರಗಟ್ಟಲೆ ಮಣ್ಣೊಳಗೇ ಇದ್ದು ಬೆಳೆಯ ಬೇರಿಗೆ ಬಾಯಿ ಹಾಕಿ ಹೀರುತ್ತದೆ. ಹೊರಗೆ ತಲೆ ಹಾಕುವಷ್ಟರಲ್ಲಿ ಹಾನಿಯೆಲ್ಲ ಮುಗಿದಿರುತ್ತದೆ. ಈಗ ಬಾಗಲಕೋಟೆ, ಬೆಳಗಾವಿ ಕಡೆಯ ಕಬ್ಬಿಗೂ ಇದರ ಕಾಟ ಇದೆ.

ಬೀಜ ಅರ್ಧ ಮಿಲಿಮೀಟರೂ ಇಲ್ಲ, ಧೂಳೇ ಅನ್ನಿ. ಒಂದು ಗಿಡಕ್ಕೆ ಹತ್ತಾರು ಸಾವಿರ ಬೀಜ. ಮಣ್ಣಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸುಮ್ನೆ ಬಿದ್ದಿರಬಲ್ಲವು. ಹಾಗಾದರೆ ಪಕ್ಕದಲ್ಲಿ ಜೋಳದ ಬೇರು ಬಂತು ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಅಮೆರಿಕದ ಕ್ಯಾರೊಲಿನಾಗಳಲ್ಲಿ 1956ರಲ್ಲಿ ಈ ಕಸ ಕಂಡಾಗ ಅಲ್ಲಿನವರು ಬೆಚ್ಚಿಬಿದ್ದು ಹೊಲಗಳಿಗೇ ದಿಗ್ಬಂಧನ ಹಾಕಿದರು, ಮುಂದೆ ಮಣ್ಣಿಗೆ ಎಥಿಲೀನ್ ಅನಿಲ ತುಂಬಿ ಬೀಜಗಳನ್ನು ಸುಳ್ಳೇ ಎಬ್ಬಿಸಿ ಸಾಯಿಸಿದರು. ಬೇರು ಸೂಸುವ ನಿಜವಾದ ಸಂಕೇತ ಸಿಕ್ಕಿದ್ದು 1966ರಲ್ಲಿ, ಅದೂ ಹತ್ತಿಯ ಬೇರಿನಲ್ಲಿ. ಹೆಸರು ಸ್ಟ್ರೈಗಾಲ್.

ಆದರೆ ಶತ್ರುವನ್ನು ಕರೆಯುವ ರಸವನ್ನು ಗಿಡ ಯಾಕಾದರೂ ಬಿಡಬೇಕು? ಉತ್ತರ 2005ರಲ್ಲಿ ಬಂತು. ಗಿಡ ಕರೆಯುತ್ತಿದ್ದುದು ಸ್ಟ್ರೈಗಾವನ್ನಲ್ಲ, ಶಿಲೀಂಧ್ರವನ್ನು. ಮಣ್ಣಿನ ರಂಜಕ ತಂದುಕೊಟ್ಟು ಸಕ್ಕರೆ ಒಯ್ಯುವ ಮೈಕೊರೈಜಾ ಶಿಲೀಂಧ್ರಕ್ಕೆ ಅದು ಕಳಿಸುವ ಕರೆ ಇದು. ಅಂಗಳದಲ್ಲಿ ನಿಂತು ನೆಂಟರನ್ನು ಊಟಕ್ಕೆ ಕೂಗಿದರೆ ಓಣಿಯ ಕಳ್ಳನೂ ಕೇಳಿಸಿಕೊಂಡು ಹಿತ್ತಲಿಂದ ನುಗ್ಗಿದ ಹಾಗೆ.

ಈ ಕಳ್ಳನನ್ನು ಹಿಡಿಯಲು ಇನ್ನೊಂದು ಶಿಲೀಂಧ್ರವನ್ನೇ ಬಿಡುವುದು ಕೀನ್ಯಾದ ಉಪಾಯ. ಅದರ ಹೆಸರು ಫ್ಯುಸೇರಿಯಂ ಆಕ್ಸಿಸ್ಪೋರಂ. ಹೆಸರು ಕೇಳಿದ ಕೂಡಲೇ ಕೆಲವರು "ಅದು ಕಡಲೆ ಸೊರಗಿಸುವ ರೋಗ ಅಲ್ವಾ?" ಅಂತ ಗಾಬರಿಯಾಗುತ್ತಾರೆ. ಹೌದು, ಅದೇ ಮನೆತನ. ಆದರೆ ಈ ಮನೆತನದಲ್ಲಿ ಒಬ್ಬೊಬ್ಬರದು ಒಂದೊಂದೇ ಬಾಗಿಲು. ಕಡಲೆಯದು ಕಡಲೆಗೆ, ಬಾಳೆಯದು ಬಾಳೆಗೆ, ಸ್ಟ್ರೈಗಾದ್ದು ಸ್ಟ್ರೈಗಾಕ್ಕೆ. ಶಿಲೀಂಧ್ರ ಅಂದರೆ ಎಲ್ಲವನ್ನೂ ತಿನ್ನುತ್ತದೆ ಅನ್ನುವ ಭಯ ಬಿಡಬೇಕು.

ಅಲ್ಲಿನವರು ಇನ್ನೂ ಒಂದು ಕೈ ಮುಂದೆ ಹೋದರು. ಜೀನ್ ತಿದ್ದದೆ, ಸುಮ್ನೆ ಆರಿಸಿ ಆರಿಸಿ, ಕೆಲವು ಅಮೈನೋ ಆಮ್ಲಗಳನ್ನು, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳನ್ನು, ಅತಿಯಾಗಿ ಸುರಿಸುವ ಶಿಲೀಂಧ್ರದ ತಳಿಗಳನ್ನು ಹುಡುಕಿದರು. ಅವುಗಳಲ್ಲಿ ಲ್ಯೂಸಿನ್ ಒಂದು. ಲ್ಯೂಸಿನ್ ವಿಷವಲ್ಲ, ನಮ್ಮ ಬೇಳೆಯಲ್ಲೂ ಇದೆ. ಆದರೆ ಗಿಡದಲ್ಲಿ ಲ್ಯೂಸಿನ್, ವ್ಯಾಲಿನ್, ಐಸೊಲ್ಯೂಸಿನ್ ಮೂರೂ ತಯಾರಾಗಲು ಒಂದೇ ಮೋಟರ್ ಬೇಕು. ಒಂದು ಟ್ಯಾಂಕ್ ತುಂಬಿ ಹರಿದರೆ ಮೋಟರ್ ಬಂದ್, ಉಳಿದೆರಡು ಟ್ಯಾಂಕ್ ಖಾಲಿ. ಒಬ್ಬ ಅಣ್ಣನ ಹೊಟ್ಟೆ ತುಂಬಿತು ಅಂತ ಒಲೆ ಆರಿಸಿಬಿಟ್ಟರೆ ತಮ್ಮಂದಿರ ಗತಿ ಏನು? ಸ್ಟ್ರೈಗಾದ್ದೂ ಅದೇ ಗತಿ. ಅದು ಉಣ್ಣುತ್ತಲೇ ಹಸಿದು ಸಾಯುತ್ತದೆ.

ರೈತರ ಕೈಗೆ ಇದು ತಲುಪುವುದು ಹಲ್ಲುಕಡ್ಡಿಯ ಮೇಲೆ! ಪ್ರಯೋಗಾಲಯದಲ್ಲಿ ಕಡ್ಡಿಗೆ ಶಿಲೀಂಧ್ರ ಹಚ್ಚಿ ಒಣಗಿಸಿ ಹಳ್ಳಿಗೆ ಕಳಿಸುತ್ತಾರೆ. ಅನ್ನ ಮಾಡಿ ಆರಿಸಿ, ಸ್ವಚ್ಛ ಡಬ್ಬಿಯಲ್ಲಿ ಕಡ್ಡಿ ಹಾಕಿ ಅಲ್ಲಾಡಿಸುತ್ತಿದ್ದರೆ ಎರಡು-ಮೂರು ದಿನಕ್ಕೆ ಅನ್ನದ ತುಂಬ ಬೂಸು. ಗೋವಿನಜೋಳ ಬಿತ್ತುವಾಗ ಕಾಳಿನ ಜೊತೆ ಕುಣಿಗೆ ಒಂದು ಚಿಟಿಕೆ. ನಮ್ಮಲ್ಲಿ ಹಾಲಿಗೆ ಹೆಪ್ಪು ಹಾಕಿದಷ್ಟೇ ಸುಲಭ. ಪಶ್ಚಿಮ ಕೀನ್ಯಾದ ಸುಮಾರು 500 ಹೊಲಗಳಲ್ಲಿ ನೋಡಿದಾಗ ಇಳುವರಿ ಶೇ. 42ರಿಂದ 56ರಷ್ಟು ಏರಿತ್ತು. 2021ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟ ಮೇಲೆ 'ಕಿಚಾವಿ ಕಿಲ್' ಅನ್ನುವ ಹೆಸರಲ್ಲಿ ಬಂತು. ಸ್ವಾಹಿಲಿಯಲ್ಲಿ ಕಿಚಾವಿ ಅಂದರೆ ಮಾಟಕ್ಕೆ ಸೇರಿದ್ದು. ಅಲ್ಲೂ ಅದೇ ಕಥೆ ನೋಡಿ.

ಹಾಗಂತ ಆ ಅನ್ನ ತಂದು ಸೀದಾ ನಮ್ಮ ಹೊಲಕ್ಕೆ ಸುರಿಯಲಾಗದು. ಅವರ ಸ್ಟ್ರೈಗಾ ನೇರಳೆ ಹೂವಿನ ಬೇರೆ ಜಾತಿ, ನಮ್ಮ ಕಸಕ್ಕೆ ಒಗ್ಗುವ ತಳಿಯನ್ನು ನಮ್ಮ ಮಣ್ಣಲ್ಲೇ ಹುಡುಕಿ ಪರೀಕ್ಷಿಸಬೇಕು. ಸದ್ಯಕ್ಕೆ ಹೂ ಬಿಡುವ ಮೊದಲೇ ಕಿತ್ತು ಹಾಕುವುದು, ಇಲ್ಲವೇ ಹತ್ತಿ ಬಿತ್ತುವುದು. ಹತ್ತಿಯ ಬೇರು ಕರೆಯುತ್ತದೆ, ಆದರೆ ಉಣ್ಣಲು ಕೊಡುವುದಿಲ್ಲ. ಎದ್ದ ಸ್ಟ್ರೈಗಾ ಕೆಲವೇ ದಿನಕ್ಕೆ ಸಾಯುತ್ತದೆ.

ಕಾಕಾ ಮರುವರ್ಷ ಹತ್ತಿಯನ್ನೇ ಹಾಕಿದರು, ಇದೆಲ್ಲ ತಿಳಿದು ಅಲ್ಲ, ಆ ವರ್ಷ ರೇಟು ಚಲೋ ಇತ್ತು ಅಂತ. ಅದರ ಮುಂದಿನ ಮುಂಗಾರಿಗೆ ಜೋಳದ ನಡುವೆ ಬಿಳಿ ಹೂ ಅಲ್ಲೊಂದು ಇಲ್ಲೊಂದು. "ನೋಡಪಾ, ನಿಂಬೆಹಣ್ಣು ಕೆಲಸ ಮಾಡ್ತು" ಅಂದರು.